ಕೈಯಿಂದ ಹಿಂಡೋದಾ, ಪಂಪ್ ಬಳಸೋದಾ?

ಮಗುವಿಗೆ ಎದೆ ಹಿಡಿಯಲು ಕಷ್ಟವಾದರೆ ಹಾಲು ತೆಗೆದು ಕುಡಿಸಬೇಕಾಗುತ್ತದೆ. ಮೊದಲ ಎರಡು-ಮೂರು ದಿನ ನನ್ನ ಮತ ಕೈಗೇ. ಆಗ ಬರುವ ಹಳದಿ ಹಾಲು ಗಟ್ಟಿ, ಸಿಗುವುದೂ ಸ್ವಲ್ಪವೇ. ಪಂಪ್‌ನಲ್ಲಿ ಅದು ಒಳಗೇ ಅಂಟಿಕೊಳ್ಳುತ್ತದೆ. ಕೈಯಿಂದಾದರೆ ನೇರ ಚಮಚಕ್ಕೆ ಬೀಳುತ್ತದೆ. ಹೆಬ್ಬೆರಳು, ತೋರುಬೆರಳನ್ನು ತೊಟ್ಟಿನಿಂದ ಸ್ವಲ್ಪ ಹಿಂದೆ ಇಟ್ಟು, ಮೈಯ ಕಡೆಗೆ ಒತ್ತಿ, ಆಮೇಲೆ ಅದುಮಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ನೋಯಬಾರದು.

ಹಾಲು ತುಂಬಿ ಬಂದ ಮೇಲೆ ಲೆಕ್ಕ ಬೇರೆ. ಮಗುವಿಗೆ ದಿನಕ್ಕೆ 8 ರಿಂದ 12 ಸಲ ಹಾಲು ಬೇಕು. ಅಷ್ಟೂ ಕೈಯಲ್ಲೇ ತೆಗೆಯೋದು ಸುಸ್ತು, ಅಲ್ವಾ? ಮಗು ಎದೆ ಹಿಡಿಯುತ್ತಲೇ ಇಲ್ಲದಿದ್ದರೆ ಎರಡೂ ಕಡೆ ಒಟ್ಟಿಗೆ ತೆಗೆಯುವ ಎಲೆಕ್ಟ್ರಿಕ್ ಪಂಪ್ ಒಳ್ಳೆಯದು. ಆದರೆ ಪ್ರತಿ ಸಲ ತೊಳೆಯಬೇಕು. ಬಿಗಿದ ಎದೆ ಸಡಿಲವಾದರೆ ಸಾಕು ಅನ್ನುವವರು ಸುಮ್ನೆ ಪಂಪ್ ಕೊಳ್ಳಬೇಡಿ.