ಪ್ರಾಂಗ್ಸಾ, ಮಾಸ್ಕಾ, ಬ್ಯಾಗ್ ಮಾಸ್ಕಾ?

ಏದುಸಿರು ಬಿಡುತ್ತಾ ಯಾರೇ ವಾರ್ಡಿಗೆ ಬಂದರೂ ಆಕ್ಸಿಜನ್ ಕೊಡಲು ಜೊತೆಗಿದ್ದವರು ಕೇಳುವುದು ದೊಡ್ಡ ಮಾಸ್ಕನ್ನೇ. ನರ್ಸ್ ಆಗಿ ಇವನ್ನೆಲ್ಲ ರೋಗಿಗಳಿಗೆ ಹಾಕಿದ್ದೇನೆ, ಹೇಗಿರುತ್ತೆ ಅಂತ ನನ್ನ ಮುಖಕ್ಕೂ ಹಾಕಿಕೊಂಡು ನೋಡಿದ್ದೇನೆ. ತೀರಾ ಸುಸ್ತಾಗಿಲ್ಲದವರಿಗೆ ನನ್ನ ಓಟು ಮೂಗಿನ ಪ್ರಾಂಗ್ಸಿಗೆ, ಅಂದರೆ ಎರಡೂ ಹೊಳ್ಳೆಗೆ ಸಿಕ್ಕಿಸುವ ಸಣ್ಣ ಟ್ಯೂಬಿಗೆ.

ಯಾಕೆಂದರೆ ಅದನ್ನು ರೋಗಿ ಕಿತ್ತು ಹಾಕುವುದು ಕಡಿಮೆ. ಹಾಕಿಕೊಂಡೇ ಊಟ ಮಾಡಬಹುದು, ಮಾತಾಡಬಹುದು, ಕೆಮ್ಮಿ ಕಫ ಉಗುಳಬಹುದು. ನಿಮಿಷಕ್ಕೆ 1ರಿಂದ 6 ಲೀಟರ್‌ವರೆಗೆ ಕೊಡಬಹುದು, ಆದರೆ 4 ದಾಟಿತೆಂದರೆ ಮೂಗು ಒಣಗಿ ಉರಿಯತೊಡಗುತ್ತದೆ. ಆಗ ವ್ಯಾಸಲೀನ್ ಮಾತ್ರ ಸವರಬೇಡಿ, ಆಕ್ಸಿಜನ್ ಇರುವಲ್ಲಿ ಆ ಜಿಡ್ಡಿಗೆ ಬೆಂಕಿ ಹತ್ತುವ ಭಯ. ಕಿವಿಯ ಹಿಂದೆ ಟ್ಯೂಬ್ ಒತ್ತಿ ಕೆಂಪಾಗುತ್ತದೆ, ಒಂದು ಚೂರು ಹತ್ತಿ ಬಟ್ಟೆ ಇಟ್ಟರೆ ಆಯ್ತು. ಇದು ಸೋಲುವುದು ರೋಗಿ ನಿಮಿಷಕ್ಕೆ 30-35 ಸಲ ಉಸಿರೆಳೆಯುವಾಗ. ನಾವು 4 ಲೀಟರ್ ಬಿಟ್ಟರೂ ಅವರು ಸುತ್ತಲಿನ ಗಾಳಿಯನ್ನೇ ಅದಕ್ಕಿಂತ ಎಷ್ಟೋ ಪಟ್ಟು ಎಳೆದುಕೊಳ್ಳುವುದರಿಂದ ಕೊಟ್ಟ ಆಕ್ಸಿಜನ್ ತೆಳುವಾಗಿಬಿಡುತ್ತದೆ.

ಸಾದಾ ಮಾಸ್ಕ್ ನನಗೆ ಅಷ್ಟಕ್ಕಷ್ಟೇ. 5 ಲೀಟರಿಗಿಂತ ಕಡಿಮೆ ಇಟ್ಟರೆ ಬಿಟ್ಟ ಉಸಿರೇ ಮತ್ತೆ ಒಳಗೆ ಹೋಗುತ್ತದೆ. ಸೆಕೆ ಬೇರೆ. ನೀರು ಕುಡಿಯಲು ತೆಗೆದವರು ಅದನ್ನು ಹಣೆಗೇರಿಸಿಕೊಂಡು ಹಾಗೇ ನಿದ್ದೆ ಹೋಗಿರುತ್ತಾರೆ.

ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 80ರ ಆಸುಪಾಸಿಗೆ ಇಳಿದರೆ ಮಾತ್ರ ಚರ್ಚೆಯೇ ಇಲ್ಲ, ಬ್ಯಾಗ್ ಇರುವ ಮಾಸ್ಕ್, 10ರಿಂದ 15 ಲೀಟರ್. ಮೊದಲು ಒಳಗಿನ ವಾಲ್ವನ್ನು ಬೆರಳಲ್ಲಿ ಒತ್ತಿ ಬ್ಯಾಗ್ ತುಂಬಿಸಿಕೊಂಡು ಆಮೇಲೆ ಮುಖಕ್ಕೆ ಹಾಕಬೇಕು. ಉಸಿರೆಳೆದಾಗಲೆಲ್ಲ ಬ್ಯಾಗ್ ಪೂರ್ತಿ ಚಪ್ಪಟೆಯಾದರೆ ಫ್ಲೋ ಸಾಲುತ್ತಿಲ್ಲ. ಇದರಲ್ಲೂ ಸ್ಯಾಚುರೇಷನ್ ಏರದಿದ್ದರೆ ಕಾಯುತ್ತಾ ಕೂರಬೇಡಿ, ಮುಂದಿನದು ಹೈ ಫ್ಲೋ (ಇನ್ನೂ ಜೋರಾಗಿ ಆಕ್ಸಿಜನ್ ಹಾಯಿಸುವ ಯಂತ್ರ) ಅಥವಾ ವೆಂಟಿಲೇಟರ್, ಅದನ್ನು ಡಾಕ್ಟರ್ ನೋಡಬೇಕು.

ಇನ್ನು ವೆಂಚುರಿ, ಗಾಳಿ ಬೆರೆಸಿ ಬೇಕಾದಷ್ಟೇ ಶೇಕಡಾ ಆಕ್ಸಿಜನ್ ಕೊಡುವ ಮಾಸ್ಕ್. ನೋಡಲು ಆಟದ ಸಾಮಾನಿನ ಹಾಗೆ ಬಣ್ಣಬಣ್ಣದ ಅಡಾಪ್ಟರ್‌ಗಳು, ಆದರೆ ಶೇಕಡಾ 24ರಿಂದ 60ರವರೆಗಿನ ಆಕ್ಸಿಜನ್‌ನಲ್ಲಿ ಯಾವುದಕ್ಕೆ ಎಷ್ಟು ಲೀಟರ್ ಬಿಡಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ನಾನು ಹುಡುಕುವುದು ಇದನ್ನೇ. ಅವರಿಗೆ ಸ್ಯಾಚುರೇಷನ್ 88-92 ಇದ್ದರೆ ಸಾಕು. ಸುಮ್ನೆ 98 ಬರಲಿ ಅಂತ ಜಾಸ್ತಿ ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹಿಡಿಯಬಹುದು, ಮನೆಯವರು ಸದ್ಯ ನಿದ್ದೆ ಬಂತಲ್ಲ ಎಂದುಕೊಂಡಿರುತ್ತಾರೆ! ಹೊದಿಕೆ ಎಳೆದುಕೊಂಡಾಗ ಅಡಾಪ್ಟರಿನ ಪಕ್ಕದ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ, ಗಾಳಿ ಬೆರೆಯುವುದು ಅಲ್ಲಿಂದಲೇ, ಮುಚ್ಚಿದರೆ ಬರೆದಿರುವ ಲೆಕ್ಕವೆಲ್ಲ ತಲೆಕೆಳಗು.