ಮುಕ್ಕಾಲು ಇಂಚು, 0.70, 5/8: ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಬ್ರೇಕ್ ಮಾಸ್ಟರ್ ಸಿಲಿಂಡರ್?

ಮುಂದೆ ಡಿಸ್ಕ್, ಹಿಂದೆ ಡ್ರಮ್, ಸರ್ವೋ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಸಾಧನ) ಇಲ್ಲ. 1960ರ ದಶಕದ ಇಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಗರ್ಲಿಂಗ್ (ಬ್ರಿಟಿಷ್ ಬ್ರೇಕ್ ಕಂಪನಿ) ಮಾದರಿಯ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಸಿಲಿಂಡರ್, ಹುಡುಕಲು ಹೊರಟರೆ 5/8, 0.70, 3/4 ಇಂಚು ಎಂಬ ಮೂರು ಬೋರ್‌ಗಳು (ಒಳವ್ಯಾಸಗಳು) ಎದುರಾಗುತ್ತವೆ. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ, ಕಾಲಿಗೆ ಮಾತ್ರ ಅಲ್ಲ. ಮೂರನ್ನೂ ಹಾಕಿ ನೋಡಿದ ಮೇಲೆ ನನ್ನ ಮತ 0.70ಕ್ಕೆ. ಉಳಿದೆರಡು ಯಾಕೆ ಬೇಡ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಪೆಡಲ್ ಅನುಪಾತ 5ಕ್ಕೆ 1 ಎಂದಿಟ್ಟುಕೊಳ್ಳಿ, ಅಂದರೆ ಪೆಡಲ್ 5 ಮಿ.ಮೀ. ಇಳಿದರೆ ಪುಶ್‌ರಾಡ್ (ಸಿಲಿಂಡರಿನ ಪಿಸ್ಟನ್ ತಳ್ಳುವ ಸರಳು) 1 ಮಿ.ಮೀ. ಸರಿಯುತ್ತದೆ. ಕಾಲಿನಿಂದ 30 ಕಿಲೋ ಒತ್ತಿದರೆ ಪುಶ್‌ರಾಡ್ ಮೇಲೆ 150 ಕಿಲೋ ಬೀಳುತ್ತದೆ. 3/4 ಬೋರಿನ ವಿಸ್ತೀರ್ಣ 2.85 ಚದರ ಸೆಂ.ಮೀ., ಹಾಗಾಗಿ ಪೈಪಿನಲ್ಲಿ ಏಳುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 53 ಕಿಲೋ. 0.70ರಲ್ಲಿ 60, 5/8ರಲ್ಲಿ 76. ಬೋರ್ ಕಿರಿದಾದಷ್ಟೂ ಬ್ರೇಕ್ ಹಗುರ. ಆದರೆ ಅದೇ ಅನುಪಾತದಲ್ಲಿ ಪೆಡಲ್ ಹೆಚ್ಚು ದೂರ ಹೋಗಬೇಕು: 3 ಸಿಸಿ ಆಯಿಲ್ ತಳ್ಳಲು 3/4ರಲ್ಲಿ 53 ಮಿ.ಮೀ., 0.70ರಲ್ಲಿ 60, 5/8ರಲ್ಲಿ 76.

3/4 ಇಂಚಿನದು ಮರದ ತುಂಡನ್ನು ತುಳಿದ ಹಾಗೆ. ಪೆಡಲ್ ಮೇಲೆಯೇ ನಿಲ್ಲುತ್ತದೆ, ಆದರೆ ಪ್ಯಾಡ್ ತಣ್ಣಗಿರುವಾಗ ಕಾರು ನಿಲ್ಲಿಸಲು ಕಾಲಿನ ಶಕ್ತಿಯೆಲ್ಲ ಬೇಕು. ಸರ್ವೋ ಇದ್ದರೆ, ಅಥವಾ ಹೆಚ್ಚು ಆಯಿಲ್ ಬೇಡುವ ದೊಡ್ಡ ಪಿಸ್ಟನ್‌ಗಳ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿದ್ದರೆ ಇದೇ ಸರಿ.

5/8 ಕೊಳ್ಳುವವರು ಮೊದಲ ದಿನ ಖುಷಿಪಡುತ್ತಾರೆ. ಆಮೇಲೆ ಒಂದು ಕಾಟ ಶುರುವಾಗುತ್ತದೆ: ತಿರುವು ದಾಟಿ ಬ್ರೇಕ್ ಒತ್ತಿದರೆ ಪೆಡಲ್ ನೆಲದ ಹತ್ತಿರಕ್ಕೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಸರಿಯಾಗುತ್ತದೆ. ಗಾಳಿ ಸೇರಿದೆ ಎಂದುಕೊಂಡು ಲೀಟರ್‌ಗಟ್ಟಲೆ ಆಯಿಲ್ ಸುರಿದು ಬ್ಲೀಡ್ ಮಾಡುತ್ತಾರೆ, ಅಂದರೆ ಪೈಪಿನ ಗಾಳಿ ಹೊರಹಾಕಲು ನೋಡುತ್ತಾರೆ. ಬಹಳ ಸಲ ಅಲ್ಲಿ ಗಾಳಿಯೇ ಇರುವುದಿಲ್ಲ.

ವೀಲ್ ಬೇರಿಂಗ್‌ನಲ್ಲಿ ಪ್ಲೇ (ಸಡಿಲ) ಇದ್ದರೆ ಅಥವಾ ಡಿಸ್ಕ್ ಓರೆಯಾಗಿ ತಿರುಗುತ್ತಿದ್ದರೆ, ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ದೂಡುತ್ತದೆ. ಮುಂದಿನ ನಾಲ್ಕು ಪಿಸ್ಟನ್‌ಗಳೂ 54 ಮಿ.ಮೀ.ನವು, ಒಂದೊಂದೂ ಬರೀ 0.2 ಮಿ.ಮೀ. ಹಿಂದೆ ಸರಿದಿದೆ ಎನ್ನಿ. ಆ ಸಂದು ತುಂಬಲು ಸುಮಾರು 1.8 ಸಿಸಿ ಆಯಿಲ್ ಬೇಕು. 5/8ರಲ್ಲಿ ಇದೊಂದಕ್ಕೇ ಪೆಡಲ್ 46 ಮಿ.ಮೀ. ಇಳಿಯಬೇಕು, ಮೇಲಿನ 76 ಸೇರಿಸಿದರೆ 122. ಪೆಡಲ್ ಓಡಾಡಲು 130 ಮಿ.ಮೀ. ಜಾಗವಿದ್ದರೆ ಉಳಿದದ್ದು ಎಷ್ಟು ಎಂದು ನೀವೇ ನೋಡಿ. ಅದೇ ದೋಷ 0.70ರಲ್ಲಿ 97ಕ್ಕೆ ನಿಲ್ಲುತ್ತದೆ. 3/4ರಲ್ಲಿ 85, ಅಂದರೆ ದೋಷ ಇರುವುದೇ ಗೊತ್ತಾಗದು. ದೋಷ ಹುಟ್ಟಿಸಿದ್ದು 5/8 ಅಲ್ಲ, ಆದರೆ ಮುಚ್ಚಿಡುವ ಶಕ್ತಿ ಅದಕ್ಕಿಲ್ಲ.

ಕಾಲಿನಿಂದಲೇ ಪತ್ತೆ ಮಾಡಬಹುದು. ಎರಡನೇ ಸಲಕ್ಕೆ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂ (ಡ್ರಮ್ ಒಳಗೆ ಒತ್ತುವ ಭಾಗ) ಅಥವಾ ಪ್ಯಾಡ್ ದೂರ ಇದೆ. ಮೇಲೆ ಬಂದರೂ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ. ಒತ್ತಿಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ತಿರುವಿನ ನಂತರ ಮಾತ್ರ ಉದ್ದ ಹೋದರೆ ಬೇರಿಂಗ್ ಮೇಲೆ ಅನುಮಾನ ಇಡಿ.

ಸರಿಪಡಿಸುವಾಗ ಮೊದಲು ಬೇರಿಂಗ್, ಆಮೇಲೆ ಡಿಸ್ಕ್. ಬೇರಿಂಗ್ ಸಡಿಲ ಇದ್ದರೆ ಡಿಸ್ಕಿನ ಓರೆ ಅಳೆಯುವ ಡಯಲ್ ಗೇಜ್ ಸುಳ್ಳು ಹೇಳುತ್ತದೆ. ಡಿಸ್ಕಿನ ಓರೆ 0.1 ಮಿ.ಮೀ. ಮೀರಬಾರದು. ಮೀರಿದ್ದರೆ ಹೊಸ ಡಿಸ್ಕ್ ತರುವ ಮೊದಲು ಬಿಚ್ಚಿ, ಹಬ್ ಮೇಲಿನ ತುಕ್ಕನ್ನು ಪೂರ್ತಿ ಕೆರೆದು ಮತ್ತೆ ಕೂರಿಸಿ ನೋಡಿ. ಹಿಂದಿನ ಡ್ರಮ್‌ಗೆ ಕೈ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಬೇಕು, ಇಲ್ಲದಿದ್ದರೆ ಶೂಗಳು ತಮ್ಮ ಜಾಗಕ್ಕೆ ಮರಳುವುದಿಲ್ಲ. ಚಕ್ರ ಹಿಡಿದುಕೊಳ್ಳುವವರೆಗೆ ಅಡ್ಜಸ್ಟರ್ ಬಿಗಿ ಮಾಡಿ, ಒಂದು ಕ್ಲಿಕ್ ಬಿಡಿ, ಪೆಡಲ್ ಜೋರಾಗಿ ಒತ್ತಿ ಶೂಗಳನ್ನು ನಡುವಿಗೆ ತಂದು ಮತ್ತೊಮ್ಮೆ ನೋಡಿ. ಕೇಬಲ್ ಕೊನೆಗೆ.

ಇಷ್ಟೆಲ್ಲ ಕಟ್ಟುನಿಟ್ಟಾಗಿ ಇಟ್ಟುಕೊಂಡ ಕಾರಿಗೆ 5/8 ನಿಜಕ್ಕೂ ಚೆನ್ನ. ವಾರಕ್ಕೊಮ್ಮೆ ಓಡಿಸಿ, ವರ್ಷಕ್ಕೊಮ್ಮೆ ಡ್ರಮ್ ಬಿಚ್ಚುವವರಿಗೆ 0.70. ಕಾಲಿಗೆ 3/4ಕ್ಕಿಂತ ಶೇ 15ರಷ್ಟು ಲಾಭ, ಪೆಡಲ್ ಕೆಳಗೆ ಇನ್ನೂ ಜಾಗ. ಬೋರ್ ಬದಲಿಸಿದರೆ ಮುಂದಿನ-ಹಿಂದಿನ ಬ್ರೇಕ್ ಸಮತೋಲನ ಕೆಡುತ್ತದೆ ಎಂಬ ಭಯ ಬೇಡ. ಒಂದೇ ಸರ್ಕ್ಯೂಟ್ ಇರುವಲ್ಲಿ ಒತ್ತಡ ಎರಡೂ ಕಡೆ ಸಮನಾಗಿಯೇ ಏರುತ್ತದೆ.

ಹಣ ಕೊಡುವ ಮೊದಲು ಪೈಪ್ ತೂತಿನ ಥ್ರೆಡ್ ನೋಡಿ. 3/16 ಇಂಚಿನ ಬ್ರೇಕ್ ಪೈಪಿಗೆ ಈ ಕಾರುಗಳಲ್ಲಿ ಸಾಮಾನ್ಯವಾಗಿ 3/8 ಯುಎನ್‌ಎಫ್ (ಇಂಚು ಅಳತೆಯ ಥ್ರೆಡ್) ನಟ್, 1/4 ಇಂಚಿನ ಪೈಪಿಗೆ 7/16 ಯುಎನ್‌ಎಫ್. ತೂತಿನಲ್ಲಿ 10 ಮಿ.ಮೀ. ಮೆಟ್ರಿಕ್ ಥ್ರೆಡ್ ಇದ್ದರೆ ಅಪಾಯ: 3/8ರ ನಟ್ ಅದರೊಳಗೆ ಸಲೀಸಾಗಿ ಇಳಿಯುತ್ತದೆ, ಬಿಗಿ ಮಾಡುವಾಗ ಥ್ರೆಡ್ ಕಿತ್ತು ಬರುತ್ತದೆ. ಹಳೆಯ ಬೋರ್‌ನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹೋನ್ ಮಾಡಬೇಡಿ (ಒಳಗೆ ಉಜ್ಜಿ ನಯ ಮಾಡಬೇಡಿ), ಸ್ಟೇನ್‌ಲೆಸ್ ಸ್ಲೀವ್ (ಒಳಗೊಳವೆ) ಹಾಕಿಸಿ.

ಯಾವುದನ್ನೇ ಕೂರಿಸಿದರೂ ಪುಶ್‌ರಾಡ್‌ಗೆ 1 ಮಿ.ಮೀ. ಪ್ಲೇ ಬಿಡಿ, ಪೆಡಲ್ ತುದಿಯಲ್ಲಿ ಅದು 5 ಮಿ.ಮೀ. ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ವಾಲ್ವ್ ತೆರೆಯದೆ, ಬಿಸಿಗೆ ಹಿಗ್ಗಿದ ಆಯಿಲ್ ಹಿಂದಕ್ಕೆ ಹೋಗಲಾಗದೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ಹಾಗೆ ಹಿಡಿದಾಗ ಸಿಲಿಂಡರಿನ ಎರಡು ನಟ್‌ಗಳನ್ನು ಒಂದೆರಡು ಸುತ್ತು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಪುಶ್‌ರಾಡ್ ಉದ್ದವಾಗಿದೆ. ಬಿಡದಿದ್ದರೆ ಬ್ಲೀಡ್ ನಿಪ್ಪಲ್ ತೆರೆಯಿರಿ: ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಹೋಸ್ ಒಳಗೆ ಕಟ್ಟಿಕೊಂಡಿದೆ, ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಸಿಕ್ಕಿಹಾಕಿಕೊಂಡಿದೆ.