ದಿನಕ್ಕೊಂದು ಹಾಳೆ ಹರಿಯುವ ಚೀನೀ ಕ್ಯಾಲೆಂಡರ್: ನಾಲ್ಕು ತಿಂಗಳ ಬಳಕೆಯ ನಂತರ

ಸಿಂಗಪುರದ ಚೈನಾಟೌನ್‌ನಲ್ಲಿ 8 ಡಾಲರ್ ಕೊಟ್ಟು ತಂದ ಕ್ಯಾಲೆಂಡರ್ ಇದು. ಗೋಡೆಗೆ ಚೆನ್ನಾಗಿರುತ್ತೆ ಅಂತ ಸುಮ್ನೆ ತಂದಿದ್ದು. ಈಗ ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಅದರ ಮುಂದೆ ಫೋನ್ ಕ್ಯಾಮೆರಾ ಹಿಡಿದು ನಿಲ್ಲುತ್ತೇನೆ, ಯಾಕಂದ್ರೆ ನನಗೆ ಚೀನೀ ಓದಲು ಬರುವುದಿಲ್ಲ.

ತಾರೀಖಿನ ಕೆಳಗೆ 'ಯಿ' ಅಂತ ಒಂದು ಪಟ್ಟಿ, ಅಂದರೆ ಇವತ್ತು ಮಾಡಬಹುದಾದ್ದು. 'ಜಿ' ಅಂತ ಇನ್ನೊಂದು, ಮಾಡಬಾರದ್ದು. ಮದುವೆ, ಮನೆ ಬದಲಾಯಿಸುವುದು, ಪಾಯ ತೆಗೆಯುವುದು, ಮಂಚ ಹಾಕುವುದು, ಬಟ್ಟೆ ಕತ್ತರಿಸುವುದು, ಕೊನೆಗೆ ಕ್ಷೌರ ಕೂಡ. ಪಕ್ಕದಲ್ಲಿ ಆ ದಿನದ ಗುಣ ಹೇಳುವ ಒಂದು ಪುಟ್ಟ ಅಕ್ಷರ. ಕಟ್ಟುವ ದಿನ, ತೆಗೆಯುವ ದಿನ, ಮುರಿಯುವ ದಿನ, ತೆರೆಯುವ ದಿನ, ಮುಚ್ಚುವ ದಿನ ಅಂತ ಒಟ್ಟು 12 ಸುತ್ತುತ್ತಲೇ ಇರುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ 12. ಇವುಗಳಿಗೆ 2,200 ವರ್ಷಕ್ಕೂ ಜಾಸ್ತಿ ವಯಸ್ಸು! ಚೀನಾದ ಹುಬೇ ಪ್ರಾಂತ್ಯದ ಶುಯಿಹುದಿಯಲ್ಲಿ 1975ರಲ್ಲಿ ಒಂದು ಸಮಾಧಿ ಸಿಕ್ಕಿತು. ಅದು ಕ್ರಿ.ಪೂ. 217ರ ಸುಮಾರಿಗೆ ತೀರಿಕೊಂಡ, ಶೀ ಎಂಬ ಚಿನ್ ರಾಜವಂಶದ ಕಾಲದ ಸಣ್ಣ ಅಧಿಕಾರಿಯದು. ಶವದ ಜೊತೆ ಬರಹವಿರುವ 1,100ಕ್ಕೂ ಹೆಚ್ಚು ಬಿದಿರಿನ ಸೀಳುಗಳಿದ್ದವು. ಬಹಳಷ್ಟು ಕಾನೂನಿಗೆ ಸೇರಿದವು, ಅವನ ಕೆಲಸವೇ ಅದು. ಆದರೆ ಎರಡು 'ರಿಶು', ಅಂದರೆ ದಿನ ನೋಡುವ ಪುಸ್ತಕಗಳೂ ಇದ್ದವು, ಈ 12 ದಿನಗಳು ಅವುಗಳಲ್ಲೇ ಇವೆ. ಡಿಂಗ್‌ಚೌ ಎಂಬ ದಿನ ಬಟ್ಟೆ ಕತ್ತರಿಸಿದರೆ ಜನ ಮೆಚ್ಚುತ್ತಾರಂತೆ. ದಿನಗಳಿಗೆ ಪ್ರಾಣಿಗಳ ಹೆಸರೂ ಇವೆ; ಇಲಿಯ ದಿನ ಮನೆಯಲ್ಲಿ ಕಳ್ಳತನವಾದರೆ ಕಳ್ಳನ ಬಾಯಿ ಚೂಪು, ಮೀಸೆ ತೆಳು, ಮುಖದಲ್ಲಿ ಕಪ್ಪು ಮಚ್ಚೆ, ಮಾಲು ಬಚ್ಚಿಟ್ಟಿರುವುದು ಗೋಡೆಯ ಒಳಗೆ ಕಸದ ಅಡಿಯಲ್ಲಿ. ಹಗಲೆಲ್ಲ ಕಾನೂನು ನೋಡುವವನು ಮನೆಗೆ ಬಂದು ಇದನ್ನು ತಿರುವಿ ಹಾಕುತ್ತಿದ್ದನೇನೋ ಅಂದುಕೊಂಡರೆ ತುಂಬಾ ಹತ್ತಿರದವನು ಅನ್ನಿಸುತ್ತಾನೆ, ಅಲ್ವಾ?

ಇನ್ನು ಕ್ಯಾಲೆಂಡರ್ ವಿಷಯ. ಕಾಗದ ತೀರಾ ತೆಳು, ಹಿಂದಿನ ಹಾಳೆಯ ಅಚ್ಚು ಕಾಣುತ್ತದೆ. ದಿನದ ಗುಣ ಹೇಳುವ ಅಕ್ಷರ ಎಳ್ಳಿನಷ್ಟು ಚಿಕ್ಕದು, ಕ್ಯಾಮೆರಾ ಆಗಾಗ ತಪ್ಪು ಓದುತ್ತದೆ. ಮಾರ್ಚ್‌ನಲ್ಲಿ ಎರಡು ಹಾಳೆ ಅಂಟಿಕೊಂಡು ಒಂದು ದಿನವೇ ಹರಿದುಹೋಯಿತು. ಅಂಗಡಿಯಲ್ಲಿ ಕೇಳಿದರೆ ಬದಲಾಯಿಸಿ ಕೊಡಲ್ಲ ಅಂದರು. ಕೊಳ್ಳುವವರು ದೊಡ್ಡ ಸೈಜ್ ತಗೊಳ್ಳಿ, ಬೆಲೆ ಜಾಸ್ತಿ ಆದರೂ ಪರವಾಗಿಲ್ಲ. ಮುಂದಿನ ವರ್ಷಕ್ಕೆ ನಾನೂ ಅದನ್ನೇ ತರುತ್ತೇನೆ. 'ಬಟ್ಟೆ ಕತ್ತರಿಸಬಹುದು' ಅಂತಿರುವ ಹಾಳೆಗಳನ್ನು ಮಾತ್ರ ಎಸೆದಿಲ್ಲ, ಡ್ರಾಯರ್‌ನಲ್ಲಿ ಜೋಡಿಸಿಟ್ಟಿದ್ದೇನೆ.